ಒಳಗೆ ಕೂತವನ ಕೈ: ವಿಮಾನದ ರಿವಿಟ್, ವಿದ್ಯುತ್ಕಾಂತದ ಏಟು ಮತ್ತು ಗಡಿಯ ಕಾರ್ಮಿಕರು

(ಗಡಿನಾಡ ಕನ್ನಡ ಸಮುದಾಯಗಳ ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಈ ಸರಣಿಯಲ್ಲಿ ಇಲ್ಲಿಯವರೆಗೆ ಶಾಸನ, ಮಠ, ಶಾಲೆ, ಮಹಾಜನ ವರದಿ ಇಂಥ ವಿಷಯಗಳು ಬಂದಿವೆ. ನಾನು ಮಾತಾಡಬೇಕು ಅಂತಿರೋದು ಒಂದು ರಿವಿಟ್ ಬಗ್ಗೆ. ವಿಮಾನದ ಎರಡು ತಗಡುಗಳನ್ನು ಹಿಡಿದಿಡುವ, ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಮೊಳೆ. ಅದನ್ನು ಬಡಿಯುವ ಕೆಲಸ ಕೈಯಿಂದ ವಿದ್ಯುತ್ಕಾಂತಕ್ಕೆ ಹೇಗೆ ಹೋಯಿತು, ಹೋಗುವಾಗ ಯಾರ ಅರಿವು ಲೆಕ್ಕಕ್ಕೆ ಸಿಗದೆ ಉಳಿಯಿತು ಅನ್ನೋದು ನನ್ನ ಪ್ರಶ್ನೆ. ಇದಕ್ಕೂ ಗಡಿನಾಡಿಗೂ ಏನು ಸಂಬಂಧ ಅಂತ ಕೇಳಬಹುದು. ನಾನು ಹೊಸೂರು ತಾಲ್ಲೂಕಿನವಳು. ಸಂಬಂಧ ಇದೆ, ಅದಕ್ಕೆ ಆಮೇಲೆ ಬರ್ತೀನಿ.

1. ಇಬ್ಬರ ಕೆಲಸ

ರಿವಿಟ್ ನಮಗೆ ಹೊಸದೇನಲ್ಲ. ತಾಮ್ರದ ಹಂಡೆಗೆ ಕಿವಿ ಕೂರಿಸುವಾಗ ಹೊರಗಿಂದ ಮೊಳೆ ತೂರಿಸಿ, ಒಳಗೆ ಕಬ್ಬಿಣದ ಆಸರೆ ಕೊಟ್ಟು ಬಡಿದು ಚಪ್ಪಟೆ ಮಾಡುತ್ತಾರಲ್ಲ, ತತ್ವ ಅದೇ. ವಿಮಾನದ ಅಲ್ಯೂಮಿನಿಯಂ ರಿವಿಟ್‌ಗೆ ಒಂದು ಕಡೆ ತಲೆ ಮೊದಲೇ ಇರುತ್ತದೆ. ಇನ್ನೊಂದು ಕಡೆ ಬಾಲ ಸುಮಾರು ಒಂದೂವರೆ ವ್ಯಾಸದಷ್ಟು ಹೊರಗೆ ಚಾಚಿರಬೇಕು. ಬಡಿದ ಮೇಲೆ ಆ ಬಾಲ ಅಗಲದಲ್ಲಿ ಒಂದೂವರೆ ವ್ಯಾಸ, ಎತ್ತರದಲ್ಲಿ ಅರ್ಧ ವ್ಯಾಸ ಆಗಬೇಕು. ಇದು ಶಾಪಿನಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಲೆಕ್ಕ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹೊರಗೆ ನಿಂತು ಗಾಳಿಯ ಗನ್ ಹಿಡಿದು ತಲೆಯ ಮೇಲೆ ಬಡಿಯುತ್ತಾನೆ. ಇನ್ನೊಬ್ಬ ರೆಕ್ಕೆಯ ಅಥವಾ ಒಡಲಿನ ಒಳಗೆ ಕೂತು, ಉಕ್ಕಿನ ಗಟ್ಟಿಯೊಂದನ್ನು ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಈ ಗಟ್ಟಿಗೆ ಅಮೆರಿಕನ್ನರು ಬಕಿಂಗ್ ಬಾರ್ ಅಂತಾರೆ, ಬ್ರಿಟಿಷರು ಡಾಲಿ ಅಂತಾರೆ. ಬಾಲ ಚಪ್ಪಟೆಯಾಗೋದು ಇವನ ಕಡೆ. ಎಷ್ಟು ಚಪ್ಪಟೆಯಾಯಿತು, ಓರೆಯಾಯಿತಾ, ಬಿರುಕು ಬಿಟ್ಟಿತಾ ಅಂತ ನೋಡೋನೂ ಇವನೇ. ಹೊರಗಿನವನಿಗೆ ಅದು ಕಾಣಿಸೋದೇ ಇಲ್ಲ. ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಒಂದು ತಟ್ಟುವ ಭಾಷೆ ಹುಟ್ಟಿತು. ಒಳಗಿನವನು ಒಂದು ಸಲ ತಟ್ಟಿದರೆ ಇನ್ನೂ ಬಡಿ, ಎರಡು ಸಲ ತಟ್ಟಿದರೆ ಸರಿಯಾಯಿತು, ಮೂರು ಸಲ ತಟ್ಟಿದರೆ ಕೆಟ್ಟಿತು, ಕೊರೆದು ತೆಗೆ. ಅಮೆರಿಕದ ತರಬೇತಿ ಕೈಪಿಡಿಗಳಲ್ಲಿ ಈ ಸಂಕೇತ ಅಚ್ಚಾಗಿಯೇ ಇದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆಂಗಸರು ಈ ಕೆಲಸಕ್ಕೆ ಬಂದರು. 'ರೋಸಿ ದ ರಿವೆಟರ್' ಹಾಡು 1942ರದು, ನಾರ್ಮನ್ ರಾಕ್‌ವೆಲ್ ಬರೆದ ಚಿತ್ರ 1943ರದು. ಆ ಚಿತ್ರದಲ್ಲಿ ರೋಸಿಯ ತೊಡೆಯ ಮೇಲೆ ಇರೋದು ಗನ್. ಡಾಲಿ ಹಿಡಿದವಳ ಬಗ್ಗೆ ಅಂಥ ಹಾಡೂ ಇಲ್ಲ, ಚಿತ್ರವೂ ಇಲ್ಲ. ಒಳಗೆ ಕೂತವರು ನೆನಪಿನಲ್ಲಿ ಉಳಿಯಲಿಲ್ಲ ಅನ್ನೋದಕ್ಕೆ ಇದು ಮೊದಲ ಸಾಕ್ಷಿ.

2. ತೂತು ಮತ್ತು ಬಿರುಕು

ಇಷ್ಟು ಚಿಕ್ಕ ವಸ್ತುವಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳೋದು ಯಾಕೆ? ಬೋಯಿಂಗ್ 747ರಲ್ಲಿ ಸುಮಾರು 60 ಲಕ್ಷ ಬಿಡಿಭಾಗಗಳಿವೆ, ಅದರಲ್ಲಿ ಅರ್ಧದಷ್ಟು ರಿವಿಟ್, ಬೋಲ್ಟ್ ಥರದ ಜೋಡಣೆಯ ಸಾಮಾನು. ಅಂದರೆ ಅಷ್ಟೊಂದು ತೂತುಗಳು. ತೂತು ಇದ್ದ ಕಡೆ ಎಳೆತದ ಒತ್ತಡ ಮಡುಗಟ್ಟುತ್ತದೆ. ಪ್ರತಿ ಹಾರಾಟದಲ್ಲೂ ಒಡಲು ಗಾಳಿ ತುಂಬಿ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಲೋಹ ದಣಿದು ತೂತಿನ ಅಂಚಿನಲ್ಲಿ ಬಿರುಕು ಬಿಡುತ್ತದೆ.

1954ರ ಜನವರಿ 10 ಮತ್ತು ಏಪ್ರಿಲ್ 8ರಂದು ಎರಡು ಕಾಮೆಟ್ ಜೆಟ್‌ಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದುಹೋದವು. ತನಿಖೆ ಬಂದು ನಿಂತದ್ದು ಒಡಲಿನ ಕಂಡಿಗಳ ಮೂಲೆಯಲ್ಲಿ, ಜೋಡಣೆಯ ತೂತಿನ ಅಂಚಿನಿಂದ ಶುರುವಾದ ದಣಿವಿನ ಬಿರುಕಿಗೆ. 1988ರ ಏಪ್ರಿಲ್ 28ರಂದು ಹವಾಯಿಯ ಅಲೋಹಾ ಏರ್‌ಲೈನ್ಸಿನ 737 ಒಂದರ ಚಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು, ಗಗನಸಖಿಯೊಬ್ಬರು ಸತ್ತರು. ಆ ವಿಮಾನ ಅಷ್ಟರಲ್ಲಿ ಸುಮಾರು 90,000 ಸಲ ಹಾರಿ ಇಳಿದಿತ್ತು. ತಗಡುಗಳ ನಡುವಿನ ಅಂಟು ಬಿಟ್ಟಿತ್ತು, ಒಂದೇ ಸಾಲಿನ ರಿವಿಟ್ ತೂತುಗಳಲ್ಲಿ ಹುಟ್ಟಿದ ಚಿಕ್ಕ ಚಿಕ್ಕ ಬಿರುಕುಗಳು ಒಂದಕ್ಕೊಂದು ಸೇರಿಕೊಂಡಿದ್ದವು.

ಇದಕ್ಕೆ ಒಂದು ಪರಿಹಾರ ರಿವಿಟ್‌ನಲ್ಲೇ ಇದೆ. ಬಡಿಯುವಾಗ ಬಾಲ ಮಾತ್ರ ಚಪ್ಪಟೆಯಾಗದೆ, ತೂತಿನೊಳಗಿನ ಕಾಂಡವೂ ಉಬ್ಬಿ ಗೋಡೆಯನ್ನು ಒತ್ತಿ ಹಿಡಿದರೆ, ತೂತಿನ ಸುತ್ತ ಲೋಹ ಅದುಮಿದ ಸ್ಥಿತಿಯಲ್ಲಿ ಇರುತ್ತದೆ. ಆಗ ಬಿರುಕು ಬಾಯಿ ಬಿಡೋದು ನಿಧಾನ. ಇದನ್ನು ಬಿಗಿ ಕೂರಿಕೆ ಅನ್ನೋಣ. ಗಾಳಿ ಗನ್ನು ನೂರಾರು ಸಣ್ಣ ಏಟು ಹಾಕುತ್ತದೆ. ಆ ಏಟುಗಳ ಬಹುಪಾಲು ಕೆಲಸ ಬಾಲದ ಕಡೆ ಮುಗಿದುಹೋಗಿ, ದಪ್ಪ ಜೋಡಣೆಯಲ್ಲಿ ಕಾಂಡ ಉದ್ದಕ್ಕೂ ಒಂದೇ ಸಮ ಉಬ್ಬೋದು ಕಷ್ಟ. ಒಂದೇ ದೊಡ್ಡ ಏಟಿನಲ್ಲಿ ಇಡೀ ರಿವಿಟ್ ಉಬ್ಬಿಸುವ ಸಾಧನ ಬೇಕಾಯಿತು.

3. ಸೊಲ್ಲಾಪುರದಿಂದ ಬೆಂಗಳೂರಿಗೆ

ಇಲ್ಲಿ ಸ್ವಲ್ಪ ನಮ್ಮ ಕಡೆಗೆ ತಿರುಗೋಣ. ಬೆಂಗಳೂರಿಗೆ ವಿಮಾನದ ರಿವಿಟ್ ತಂದವರು ವಾಲಚಂದ್ ಹೀರಾಚಂದ್. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಅವರ ಮನೆಮಾತು ಗುಜರಾತಿ, ಅವರನ್ನು ಕನ್ನಡಿಗರ ಲೆಕ್ಕಕ್ಕೆ ಸೇರಿಸೋ ಆಸೆ ನನಗಿಲ್ಲ. ಆದರೆ ಕನ್ನಡ, ಮರಾಠಿ, ತೆಲುಗು ಬೆರೆತ ಊರೊಂದರಿಂದ ಬಂದ ಉದ್ಯಮಿ, ಅಮೆರಿಕದ ವಿಲಿಯಂ ಪಾಲಿ ಜೊತೆ ಸೇರಿ, ಮೈಸೂರು ಸರ್ಕಾರದ ಪಾಲುದಾರಿಕೆ ಪಡೆದು, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದು ದಾಖಲೆಯ ಮಾತು. 1941ರಲ್ಲಿ ಅಲ್ಲಿ ಮೊದಲು ಜೋಡಿಸಿ ಹಾರಿಸಿದ್ದು ಹಾರ್ಲೋ ತರಬೇತಿ ವಿಮಾನ. ಹಾರ್ಲೋ ವಿಮಾನಗಳ ಮೂಲ ಮಾದರಿ ಕ್ಯಾಲಿಫೋರ್ನಿಯಾದ ಪಾಸಡೀನಾ ಜೂನಿಯರ್ ಕಾಲೇಜಿನ ವಿದ್ಯಾರ್ಥಿಗಳು ತರಗತಿಯ ಯೋಜನೆಯಾಗಿ ಕಟ್ಟಿದ್ದು. ಇಲ್ಲಿ ಕೂತಿರೋ ವಿದ್ಯಾರ್ಥಿಗಳಿಗೆ ಇದು ಖುಷಿ ಕೊಡುತ್ತೆ ಅಂದುಕೊಂಡಿದ್ದೇನೆ.

1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಆ ಕಾರ್ಖಾನೆಯನ್ನು ದುರಸ್ತಿ ಕೇಂದ್ರವಾಗಿ ವಹಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಡಾ. ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ವಿನ್ಯಾಸವಾದ ಎಚ್‌ಟಿ-2 1951ರ ಆಗಸ್ಟಿನಲ್ಲಿ ಹಾರಿತು. ವಿನ್ಯಾಸಕಾರರ ಹೆಸರು ನಮಗೆ ಸಿಗುತ್ತದೆ. ಆ ರೆಕ್ಕೆಗಳ ಒಳಗೆ ಡಾಲಿ ಹಿಡಿದು ಕೂತವರ ಹೆಸರು ಸಿಗೋದಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಕೊರತೆ ಅಲ್ಲ. ವಾಲ್ಟರ್ ವಿನ್ಸೆಂಟಿ ಅನ್ನೋ ಅಮೆರಿಕದ ಎಂಜಿನಿಯರ್-ಇತಿಹಾಸಕಾರ 1990ರಲ್ಲಿ ತಂದ ತಮ್ಮ ಪುಸ್ತಕದ ಒಂದು ಇಡೀ ಅಧ್ಯಾಯವನ್ನು ತಗಡಿಗೆ ಸಮನಾಗಿ ಕೂರುವ ರಿವಿಟ್‌ಗಾಗಿ ಮೀಸಲಿಟ್ಟರು. 1930ರ ದಶಕದಲ್ಲಿ ಹಲವಾರು ಕಂಪನಿಗಳು ಒಂದೇ ಹೊತ್ತಿಗೆ, ಶಾಪಿನ ನೆಲದಲ್ಲಿ ಮಾಡಿ ನೋಡಿ, ಆ ವಿದ್ಯೆ ಕಂಡುಕೊಂಡವು. ಅದಕ್ಕೆ ಒಬ್ಬ ನಾಯಕ ಇಲ್ಲ ಅಂತ ಅವರು ತೋರಿಸಿದರು. ನನ್ನ ಪ್ರಶ್ನೆ ಹುಟ್ಟಿದ್ದು ಆ ಅಧ್ಯಾಯದಿಂದ.

4. ಸುರುಳಿ, ತಾಮ್ರದ ಬಿಲ್ಲೆ, ಒಂದೇ ಏಟು

ಈಗ ವಿದ್ಯುತ್ಕಾಂತಕ್ಕೆ ಬರೋಣ. 1831ರಲ್ಲಿ ಫ್ಯಾರಡೆ ಕಂಡದ್ದು, 1834ರಲ್ಲಿ ಲೆಂಜ್ ಹೇಳಿದ್ದು, ಎರಡನ್ನೂ ನಾವು ಪಿಯುಸಿಯಲ್ಲಿ ಓದಿದ್ದೇವೆ. ಚಪ್ಪಟೆ ಸುರುಳಿಯೊಂದರಲ್ಲಿ ಥಟ್ಟನೆ ಭಾರಿ ಕರೆಂಟ್ ಹರಿಸಿದರೆ, ಅದರ ಎದುರಿಗೆ ತಾಗಿಕೊಂಡಂತೆ ಇರುವ ತಾಮ್ರದ ಬಿಲ್ಲೆಯಲ್ಲಿ ಸುಳಿ ಕರೆಂಟ್ ಹುಟ್ಟುತ್ತದೆ. ಆ ಸುಳಿಯ ಕಾಂತಕ್ಷೇತ್ರ ಮೂಲ ಕ್ಷೇತ್ರಕ್ಕೆ ವಿರುದ್ಧ. ಎರಡೂ ಒಂದನ್ನೊಂದು ದೂಡುತ್ತವೆ. ಬಿಲ್ಲೆಗೆ ಉಕ್ಕಿನ ಮೂತಿ ಕೂರಿಸಿ ಅದನ್ನು ರಿವಿಟ್ ಮೇಲೆ ಇಟ್ಟರೆ, ಕಣ್ಣು ಮಿಟುಕಿಸುವುದರೊಳಗೆ ರಿವಿಟ್ ಕೂತಿರುತ್ತದೆ. ಕರೆಂಟ್ ಬರೋದು ಮೊದಲೇ ತುಂಬಿಟ್ಟ ಕೆಪಾಸಿಟರುಗಳಿಂದ.

ಈ ತಳ್ಳುವ ಬಲದಿಂದ ಲೋಹಕ್ಕೆ ರೂಪ ಕೊಡಬಹುದು ಅಂತ ಹಾರ್ವಿ ಮತ್ತು ಬ್ರೋವರ್ ಅನ್ನುವವರ ಪೇಟೆಂಟ್ 1961ರಲ್ಲಿ ಬಂತು. 1960ರ ದಶಕದ ಕೊನೆಗೆ ಬೋಯಿಂಗ್‌ನ ಹ್ಯೂಬರ್ ಶ್ಮಿಟ್ ಮತ್ತು ಸಂಗಡಿಗರು ಅದನ್ನು ರಿವಿಟ್‌ಗೆ ತಂದರು. 1970ರ ದಶಕದಲ್ಲಿ ಗ್ರಮನ್ ಕಂಪನಿಯ ಲೆಫ್ತೆರಿಸ್ ಇದೇ ಜಾತಿಯ ಸಾಧನವನ್ನು ಬೆಳೆಸಿದರು. ಎಫ್-14 ಯುದ್ಧವಿಮಾನದಲ್ಲಿ ಟೈಟಾನಿಯಂ ಹೆಚ್ಚು. ಅಂಥ ಗಟ್ಟಿ ಲೋಹಕ್ಕೆ ಗಾಳಿ ಗನ್ನಿನ ಸಣ್ಣ ಏಟು ಸಾಲದು.

ಆದರೆ ಆ ಮೊದಲ ಯಂತ್ರಗಳು 5,000ದಿಂದ 10,000 ವೋಲ್ಟ್‌ನಲ್ಲಿ ಕೆಲಸ ಮಾಡುತ್ತಿದ್ದವು. ಗಾತ್ರ ದೊಡ್ಡದು, ಕಿಡಿ ಹಾರುವ ಭಯ, ಕೇಬಲ್ಲಿಗೆ ದಪ್ಪ ರಕ್ಷಣೆ. ಇದಕ್ಕಿಂತ ದೊಡ್ಡ ತೊಂದರೆ ಏಟಿನ ವೇಗ. ಲೋಹಕ್ಕೆ ಹರಿದುಕೊಳ್ಳಲು ಹೊತ್ತೇ ಸಿಗದೆ ಕೆಲವು ರಿವಿಟ್‌ಗಳ ತಲೆ ಬಿರುಕು ಬಿಡುತ್ತಿತ್ತು.

ಪರಿಹಾರ ಬಂದದ್ದು ವೋಲ್ಟೇಜ್ ಇಳಿಸಿದಾಗ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಜೀವ್ 1986ರಲ್ಲಿ ತಮ್ಮ ಪಿಎಚ್‌ಡಿಗೆ ಮಾಡಿದ ಕೆಲಸ ಇದೇ. ಅದೇ ವರ್ಷ ಎಲೆಕ್ಟ್ರೋಇಂಪ್ಯಾಕ್ಟ್ ಅನ್ನೋ ಕಂಪನಿಯನ್ನೂ ಶುರು ಮಾಡಿದರು. ಸುಮಾರು 500 ವೋಲ್ಟ್ ಸಾಕು ಅಂತ ಅವರು ತೋರಿಸಿದರು. ಇಲ್ಲೊಂದು ಚಿಕ್ಕ ಲೆಕ್ಕ ಇದೆ. ಕೆಪಾಸಿಟರಿನಲ್ಲಿ ನಿಲ್ಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜ್ ಹತ್ತರಲ್ಲೊಂದು ಪಾಲಾದರೆ, ಅಷ್ಟೇ ಶಕ್ತಿಗೆ ಕೆಪಾಸಿಟರಿನ ಧಾರಣೆ ನೂರು ಪಟ್ಟು ಬೇಕು. ಕಡಿಮೆ ಜಾಗದಲ್ಲಿ ಹೆಚ್ಚು ಧಾರಣೆ ಕೊಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಆ ಹೊತ್ತಿಗೆ ಸಿಗುತ್ತಿದ್ದವು. ಧಾರಣೆ ನೂರು ಪಟ್ಟಾದರೆ, ಅದೇ ಸುರುಳಿಯಲ್ಲಿ ಏಟಿನ ಅವಧಿ ಹತ್ತು ಪಟ್ಟು ಉದ್ದವಾಗುತ್ತದೆ. ಹಾಗಾಗಿ ಲೋಹಕ್ಕೆ ಹರಿಯಲು ಹೊತ್ತು ಸಿಕ್ಕಿತು, ತಲೆ ಬಿರುಕು ಬಿಡೋದು ಹತೋಟಿಗೆ ಬಂತು.

ಇನ್ನೊಂದು ಲಾಭ ಯಂತ್ರದ ಮೈಕಟ್ಟಿನಲ್ಲಿ. ಹೈಡ್ರಾಲಿಕ್ಕಿನಿಂದ ರಿವಿಟ್ ಹಿಂಡುವ ಯಂತ್ರಗಳಿಗೆ ಆ ಬಲವನ್ನೆಲ್ಲ ತಡೆಯುವ ಭಾರಿ ಚೌಕಟ್ಟು ಬೇಕು. ವಿದ್ಯುತ್ಕಾಂತದ ಏಟು ಕ್ಷಣಮಾತ್ರದ್ದು, ಅದರ ಹಿನ್ನೆಗೆತವನ್ನು ಗನ್ನಿನ ಸ್ವಂತ ತೂಕವೇ ನುಂಗಿಕೊಳ್ಳುತ್ತದೆ. ಆದ್ದರಿಂದ ಹಗುರ ಚೌಕಟ್ಟಿನ ಯಂತ್ರ, ನಿಂತ ರೆಕ್ಕೆಯ ಉದ್ದಕ್ಕೂ ಹಳಿಯ ಮೇಲೆ ಓಡಾಡಬಹುದು. ಎರಡು ಬದಿಯಲ್ಲಿ ಎರಡು ಗನ್, ಎರಡೂ ಒಂದೇ ಕ್ಷಣದಲ್ಲಿ ಏಟು ಹಾಕುತ್ತವೆ.

ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ. ಒಳಗೆ ಕೂತವನ ಜಾಗದಲ್ಲಿ ಈಗ ಇನ್ನೊಂದು ಸುರುಳಿ ಇದೆ. ಎಷ್ಟು ಒತ್ತಬೇಕು, ಯಾವಾಗ ನಿಲ್ಲಿಸಬೇಕು ಅಂತ ಅವನ ಮಣಿಕಟ್ಟಿಗೆ ಗೊತ್ತಿದ್ದದ್ದು ವೋಲ್ಟೇಜಿನ ಒಂದು ಅಂಕಿಯಾಗಿದೆ. ತಂತ್ರಜ್ಞಾನದ ಬರಹಗಳು ಇದನ್ನು ಒಂದು ಆವಿಷ್ಕಾರದ ಕಥೆಯಾಗಿ ಹೇಳುತ್ತವೆ. ಕಾರ್ಮಿಕರ ಕಡೆಯಿಂದ ನೋಡಿದರೆ ಇದು ಒಂದು ಅರಿವು ಕೈ ಬದಲಾಯಿಸಿದ ಕಥೆ.

5. ಬ್ರಾಟನ್: ಇನ್ನೊಂದು ಗಡಿಯ ಕಾರ್ಖಾನೆ

ಏರ್‌ಬಸ್ ರೆಕ್ಕೆಗಳನ್ನು ಕಟ್ಟೋದು ವೇಲ್ಸ್‌ನ ಬ್ರಾಟನ್‌ನಲ್ಲಿ. ಇಂಗ್ಲೆಂಡಿನ ಚೆಸ್ಟರ್ ಪಟ್ಟಣ ಅಲ್ಲಿಂದ ಕೂಗಳತೆ. ವೆಲಿಂಗ್ಟನ್ ಬಾಂಬರುಗಳಿಗಾಗಿ ಕಟ್ಟಿದ ಕಾರ್ಖಾನೆ ಅದು. ಅಪಘಾತಗಳ ಪಾಠ ಕಲಿತ ಮೇಲಿನ ಕಾಮೆಟ್‌ಗಳಲ್ಲಿ ಕೆಲವನ್ನು ಅಲ್ಲಿಯೇ ಕಟ್ಟಿದರು. 1990ರ ದಶಕದ ಕೊನೆಯ ಹೊತ್ತಿಗೆ ಎ320 ಮನೆತನದ ರೆಕ್ಕೆಯ ಹೊದಿಕೆಗಳನ್ನು ಜೋಡಿಸಲು ಎಲೆಕ್ಟ್ರೋಇಂಪ್ಯಾಕ್ಟಿನ ವಿದ್ಯುತ್ಕಾಂತ ಯಂತ್ರಗಳು ಅಲ್ಲಿಗೆ ಬಂದವು. ಬೆಂಗಳೂರಿನಿಂದ ಇವತ್ತು ಹಾರುವ ಎಷ್ಟೋ ವಿಮಾನಗಳು ಎ320ಗಳೇ.

ನನಗೆ ಬ್ರಾಟನ್ ಮುಖ್ಯವಾಗೋದು ಇನ್ನೊಂದು ಕಾರಣಕ್ಕೆ. ಅಲ್ಲಿ ಊರಿನ ಬೋರ್ಡುಗಳು ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ವೆಲ್ಷ್‌ಗೆ ಕಾನೂನಿನ ಸ್ಥಾನ ಇದೆ. ಗಡಿಯ ಕಾರ್ಖಾನೆ ಅಂದ ಕೂಡಲೇ ಅಲ್ಪಸಂಖ್ಯಾತ ಭಾಷೆ ಕಾಣೆಯಾಗಲೇಬೇಕು ಅಂತೇನಿಲ್ಲ.

6. ಹೊಸೂರು

ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು, 1956ರ ವಿಂಗಡಣೆಯಲ್ಲಿ ಮದ್ರಾಸಿನಲ್ಲೇ ಉಳಿಯಿತು, 2004ರಿಂದ ಕೃಷ್ಣಗಿರಿ ಜಿಲ್ಲೆ. ಕನ್ನಡ, ತೆಲುಗು, ತಮಿಳು ಮೂರೂ ಮನೆಮನೆಯಲ್ಲಿ. ಹೊಸೂರಿನಿಂದ ತಳಿಗೆ ಹೋಗುವ ದಾರಿಯಲ್ಲಿ ಬೇಳಗೊಂಡಪಳ್ಳಿ ಹತ್ತಿರ ತನೇಜಾ ಏರೋಸ್ಪೇಸ್ ಕಂಪನಿಯ ವಿಮಾನ ಕಾರ್ಖಾನೆ ಮತ್ತು ರನ್‌ವೇ ಇದೆ. 1990ರ ದಶಕದಲ್ಲಿ ಇಟಲಿಯ ಪಾರ್ಟೆನೇವಿಯಾ ಪಿ68ಸಿ ಅನ್ನುವ ಎರಡು ಎಂಜಿನ್ನಿನ ಚಿಕ್ಕ ವಿಮಾನವನ್ನು ಲೈಸೆನ್ಸ್ ಪಡೆದು ಅಲ್ಲಿ ಕಟ್ಟಿದರು. ಅದು ಅಲ್ಯೂಮಿನಿಯಂ ತಗಡು ಮತ್ತು ರಿವಿಟ್‌ಗಳ ವಿಮಾನ. ರಾಗಿ ಹೊಲಗಳ ನಡುವೆ ವಿಮಾನ ಕಟ್ಟಿದ ನಮ್ಮ ತಾಲ್ಲೂಕಿನ ಈ ಸಂಗತಿ ಗಡಿನಾಡಿನ ಯಾವ ಇತಿಹಾಸ ಪುಸ್ತಕದಲ್ಲಾದರೂ ಬರಬೇಕಾದ್ದು.

ನಮ್ಮ ಕಡೆಯಿಂದ ಬೆಂಗಳೂರಿನ ಬೇರೆ ಬೇರೆ ಶಾಪುಗಳಿಗೂ ತಗಡಿನ ಕೆಲಸಕ್ಕೆ ಹೋದವರಿದ್ದಾರೆ. ಅಂಥ ನಿವೃತ್ತರನ್ನು ನಾನು ಮಾತಾಡಿಸುತ್ತಾ ಬಂದಿದ್ದೇನೆ. ಅವರು ಎಲ್ಲಿ ದುಡಿದರು, ಅವರ ಹೆಸರೇನು ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಮೊದಲು ಫೋನಿನಲ್ಲಿ ಸಂದರ್ಶನ ಮಾಡಲು ಹೊರಟೆ. ಆಗಲಿಲ್ಲ. ಒಬ್ಬರಿಗಲ್ಲ, ಹಲವರಿಗೆ ಫೋನಿನ ದನಿ ಕೇಳಿಸೋದಿಲ್ಲ. ಗಾಳಿ ಗನ್ನಿನ ಸದ್ದು ನೂರು ಡೆಸಿಬೆಲ್ ದಾಟುತ್ತದೆ, ಒಳಗೆ ಕೂತವನಿಗೆ ರೆಕ್ಕೆಯೇ ಡೋಲಿನ ಹಾಗೆ. ಶಬ್ದದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಯಾಗಿತ್ತು. ನಾನು ಮಾತಾಡಿಸಿದ ಯಾರ ಹತ್ತಿರವೂ ಅಂಥ ಒಂದು ಕಾಗದ ಇರಲಿಲ್ಲ. "ವಯಸ್ಸಾಯ್ತಲ್ಲಮ್ಮ, ಕಿವಿ ಹೋಗದೆ ಇರುತ್ತಾ" ಅಂತ ನಕ್ಕರು.

ಸರಿ, ಮನೆಗೇ ಹೋಗಿ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ತೋರಿಸಿದೆ. ಒಬ್ಬ ತಾತ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅವರ ಮನೆಮಾತು ಅಪ್ಪಟ ಕನ್ನಡ, ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಬಾರದು. ಕೊನೆಗೆ ಮೊಮ್ಮಗಳು ನನ್ನ ಕನ್ನಡ ಪ್ರಶ್ನೆಗಳನ್ನು ತಮಿಳು ಲಿಪಿಯಲ್ಲಿ ಬರೆದು ತೋರಿಸಿದಳು. ತಾತ ತಮಿಳು ಅಕ್ಷರದಲ್ಲಿ ಕನ್ನಡ ಓದಿಕೊಂಡು ಕನ್ನಡದಲ್ಲಿ ಉತ್ತರ ಹೇಳಿದರು. ಭಾಷಾ ಗಡಿ ಮತ್ತು ಕಾರ್ಖಾನೆ ಎರಡೂ ಒಬ್ಬ ಮನುಷ್ಯನ ಮೈಯಲ್ಲಿ ಹೇಗೆ ಕೂಡಿಕೊಳ್ಳುತ್ತವೆ ಅಂತ ಅವತ್ತು ನನಗೆ ಅರ್ಥವಾಯಿತು.

ಅವರು ಹೇಳಿದ್ದರಲ್ಲಿ ಒಂದು ಮಾತು: "ಹೊರಗಿರೋನು ಬರೀ ಗುಂಡಿ ಒತ್ತೋದು ಕಣಮ್ಮ. ರಿವಿಟ್ ಮಾಡೋನು ಒಳಗಿರೋನು." ಜೊತೆಗಾರರಲ್ಲಿ ಒಬ್ಬರು ತೆಲುಗಿನವರು, ಒಬ್ಬರು ಮಲಯಾಳದವರು. ತಟ್ಟುವ ಸಂಕೇತಕ್ಕೆ ಭಾಷೆ ಬೇಕಿರಲಿಲ್ಲ. ಡಾಲಿ ಸರಿಯಾಗಿ ಕೂತಿಲ್ಲ ಅಂದರೆ ಮೊಳಕೈಗೆ "ಜುಮ್ಮೆನ್ನುತ್ತೆ", ಕೂತರೆ "ಏಟು ತಣ್ಣಗೆ ಬರುತ್ತೆ" ಅಂದರು. ಏಟು ತಣ್ಣಗೆ ಬರೋದು! ವಿದ್ಯುತ್ಕಾಂತದ ಪ್ರಬಂಧಗಳು ಗ್ರಾಫ್ ಹಾಕಿ ಹೇಳುವುದನ್ನು ಅವರು ಮೂರು ಪದದಲ್ಲಿ ಮುಗಿಸಿದರು.

7. ಮುಗಿಸುವ ಮುನ್ನ

ನಾನು ಯಂತ್ರದ ವಿರುದ್ಧ ಮಾತಾಡುತ್ತಿಲ್ಲ. ಒಂದೇ ಏಟಿನ ಯಂತ್ರ ಮೊದಲೇ ಬಂದಿದ್ದರೆ ಎಷ್ಟೋ ಕಿವಿಗಳು, ಎಷ್ಟೋ ಮಣಿಕಟ್ಟುಗಳು ಉಳಿಯುತ್ತಿದ್ದವು. ಬಿಗಿ ಕೂರಿಕೆಯಿಂದ ಪ್ರಯಾಣಿಕರ ಜೀವವೂ ಭದ್ರ. ಈಗಂತೂ ರಿವಿಟ್ಟೇ ಕಡಿಮೆಯಾಗುತ್ತಿದೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೊಸಿಟ್. ನಮ್ಮ ತೇಜಸ್‌ನ ಕೆಲವು ಭಾಗಗಳನ್ನು ಬೆಂಗಳೂರಿನ ಎನ್‌ಎಎಲ್ ಒಟ್ಟಿಗೇ ಬೇಯಿಸಿ ಒಂದೇ ತುಂಡಾಗಿ ತೆಗೆಯುವ ವಿಧಾನ ರೂಪಿಸಿತು, ಅಲ್ಲಿ ಜೋಡಣೆಯ ಮೊಳೆಗಳೇ ತಗ್ಗಿದವು.

ನನ್ನ ವಾದ ಇಷ್ಟೇ. ಗಡಿನಾಡಿನ ಕನ್ನಡದ ಇತಿಹಾಸವನ್ನು ನಾವು ಶಾಲೆ, ಬೋರ್ಡು, ಚಳವಳಿಗಳಲ್ಲಿ ಹುಡುಕಿದ್ದೇವೆ. ಅದು ಬೇಕು. ಕಾರ್ಖಾನೆಯ ಒಳಗೆ, ರೆಕ್ಕೆಯ ಒಳಗೆ ಹುಟ್ಟಿದ ಕನ್ನಡವೂ ಇದೆ. ಅದನ್ನು ಆಡಿದವರು ಒಂದು ರಾಜ್ಯದಲ್ಲಿ ಓದಿ, ಇನ್ನೊಂದು ರಾಜ್ಯದಲ್ಲಿ ದುಡಿದು, ಮತ್ತೆ ಊರಿಗೆ ಬಂದು ಕೂತಿದ್ದಾರೆ. ಈ ಸಂದರ್ಶನಗಳನ್ನು ಆನ್‌ಲೈನಿನಲ್ಲಿ ಮಾಡಲಾಗದು. ಹೋಗಿ ಹತ್ತಿರ ಕೂರಬೇಕು, ಅವರಿಗೆ ಬರುವ ಲಿಪಿಯಲ್ಲಿ ಬರೆದು ತೋರಿಸಬೇಕು.

ಪ್ರಶ್ನೋತ್ತರದಿಂದ

ಕಾಸರಗೋಡಿನ ಗೆಳೆಯರೊಬ್ಬರು, ತಮಿಳು ಲಿಪಿಯಲ್ಲಿ ಬರೆದ ಕನ್ನಡ ಉತ್ತರಗಳನ್ನು ಹೇಗೆ ಸಂಗ್ರಹಿಸುತ್ತೀರಿ ಅಂತ ಕೇಳಿದರು. ಮೂಲ ಹಾಳೆಯನ್ನು ಹಾಗೇ ಇಟ್ಟು, ಪಕ್ಕದಲ್ಲಿ ಕನ್ನಡ ಲಿಪಿಯ ಪ್ರತಿ ಇಡುತ್ತಿದ್ದೇನೆ. ತಮಿಳು ಲಿಪಿಯಲ್ಲಿ ಗ, ಕ ಎರಡಕ್ಕೂ ಒಂದೇ ಅಕ್ಷರ, ಆದ್ದರಿಂದ ಧ್ವನಿಮುದ್ರಣ ಜೊತೆಗಿಲ್ಲದಿದ್ದರೆ ಉಚ್ಚಾರ ತಪ್ಪುತ್ತದೆ.

ಅಧ್ಯಾಪಕರೊಬ್ಬರು, ಇದು ಕಾರ್ಮಿಕ ಇತಿಹಾಸವೋ ಭಾಷಾ ಇತಿಹಾಸವೋ ಅಂತ ಕೇಳಿದರು. ಸರ್, ರಿವಿಟ್‌ಗೆ ಎರಡು ಕಡೆ ಇದೆ. ಹೊರಗಿನ ತಲೆಯನ್ನು ಮಾತ್ರ ನೋಡಿ ಜೋಡಣೆ ಗಟ್ಟಿಯಾಗಿದೆಯಾ ಅಂತ ಹೇಳಲಾಗದು. ಒಳಗಿನ ಬಾಲವನ್ನೂ ನೋಡಬೇಕು. ಎರಡನ್ನೂ ಒಟ್ಟಿಗೇ ಬರೆಯೋಣ ಅಂತ ನನ್ನ ಕೋರಿಕೆ. ಸೊಲ್ಲಾಪುರದ ಗಿರಣಿ, ಆದೋನಿಯ ಹತ್ತಿ ಕಾರ್ಖಾನೆ, ನೀಲಗಿರಿಯ ಟೀ ಫ್ಯಾಕ್ಟರಿ, ನಿಮ್ಮ ನಿಮ್ಮ ಊರಿನಲ್ಲಿ ಇಂಥ ಹಿರಿಯರು ಇದ್ದರೆ ಈ ವರ್ಷವೇ ಹೋಗಿ ಮಾತಾಡಿಸಿ.